ಚುಟ್ಟಾಪ್ರಿಯನಿಗೆ ಯೋಗ್ಯವಾದ ಊರು ಯಾವುದು?

ಮನೆ ಕಟ್ಟುವುದಕ್ಕೆ ಮುನ್ನ ಊರನ್ನು ಆರಿಸಬೇಕು; ಊರನ್ನು ಆರಿಸುವುದಕ್ಕೆ ಮುನ್ನ ಮನುಷ್ಯನು ತನ್ನ ಅಭ್ಯಾಸಗಳ ಪಟ್ಟಿಯನ್ನೊಮ್ಮೆ ಬರೆದು ನೋಡಿಕೊಳ್ಳಬೇಕು. ಕಾಫಿಯ ಭಕ್ತನು ಗಟ್ಟಿ ಹಾಲು ಎಲ್ಲಿ ದೊರೆಯುವುದೆಂದು ವಿಚಾರಿಸುತ್ತಾನೆ. ಸಂಗೀತದ ಹುಚ್ಚಿನವನಿಗೆ ರಾಮನವಮಿಯ ಚಪ್ಪರ ಮನೆಗೆ ಹತ್ತಿರವಿರಬೇಕು. ಗೃಹಿಣಿಯು ನೀರನ್ನೂ ಶಾಲೆಯನ್ನೂ ಆಸ್ಪತ್ರೆಯನ್ನೂ ಕೇಳುತ್ತಾಳೆ. ಅವಳ ಪ್ರಶ್ನೆಗಳೇ ಎಲ್ಲಕ್ಕಿಂತ ಬುದ್ಧಿವಂತಿಕೆಯವು ಎಂಬುದರಲ್ಲಿ ಸಂದೇಹವಿಲ್ಲ. ಆದರೆ ಇಳಿಹೊತ್ತಿನಲ್ಲಿ ಆರಾಮಕುರ್ಚಿಗೆ ಒರಗಿ, ದಪ್ಪನೆಯ ಸಿಗಾರೊಂದನ್ನು ಹೊತ್ತಿಸಿ, ಹೊಗೆಯ ಸುರುಳಿಗಳಲ್ಲಿ ಲೋಕವನ್ನು ಮರೆಯಬಯಸುವ ಮಹಾಶಯನು ಏನನ್ನು ಕೇಳಬೇಕು? ಅವನಿಗೆ ಯಾವ ಊರು ಹಿತ? ಪ್ರಶ್ನೆ ಹಗುರವಾಗಿ ಕಂಡರೂ ಉತ್ತರ ಅಷ್ಟು ಹಗುರವಲ್ಲ.

ನಾನು ಪಾಠ ಹೇಳಿಕೊಂಡಿರುವ ಹಿರಿಯೂರನ್ನೇ ಉದಾಹರಣೆಯಾಗಿ ಇಟ್ಟುಕೊಂಡು ಇದನ್ನು ಪರಿಶೀಲಿಸೋಣ. ಬೆಂಗಳೂರಿನಿಂದ ಪುಣೆಗೆ ಹೋಗುವ ಹೆದ್ದಾರಿಯಲ್ಲಿ ಸುಮಾರು 160 ಕಿಲೋಮೀಟರು ಬಂದರೆ ನಮ್ಮ ಊರು. ಪಕ್ಕದಲ್ಲಿ ವೇದಾವತಿ, ಊರೊಳಗೆ ತೇರುಮಲ್ಲೇಶ್ವರನ ಗುಡಿ, ಸ್ವಲ್ಪ ದೂರದಲ್ಲಿ, 1907ರಲ್ಲಿ ಮುಗಿದ ವಾಣಿವಿಲಾಸ ಸಾಗರ. ಮಾರಿಕಣಿವೆಯೆಂದೇ ಹೆಸರಾದ ಈ ಜಲಾಶಯ 1933ರಲ್ಲಿ ಕೋಡಿ ಬಿದ್ದುದು, ಮತ್ತೆ ಕೋಡಿ ಬಿದ್ದುದು 2022ರಲ್ಲಿ, ಆಮೇಲೆ 2025ರ ಜನವರಿಯಲ್ಲಿ. ಒಂದು ಕೋಡಿಗೂ ಮತ್ತೊಂದಕ್ಕೂ ನಡುವೆ ಎಂಬತ್ತೊಂಬತ್ತು ವರ್ಷಗಳು ಕಳೆದುವೆಂದರೆ ಈ ಸೀಮೆಯ ಮಳೆಯ ಜಿಪುಣತನವನ್ನು ಬೇರೆಯಾಗಿ ವರ್ಣಿಸಬೇಕಾದುದಿಲ್ಲ. ನೆಲ ಒಣ, ಗಾಳಿ ಒಣ, ಬೇಸಗೆಯ ಬಿಸಿಲು ಖಾರ.

ಹೆಸರಿನ ಮಟ್ಟಿಗೆ ನಮ್ಮ ಸೀಮೆಗೂ ಸಿಗಾರಿಗೂ ನೆಂಟಸ್ತನವುಂಟು. ಹಿರಿಯೂರು ಆಂಧ್ರದ ಗಡಿಗೆ ಹತ್ತಿರ. ಇಲ್ಲಿನ ಹಳ್ಳಿಗಳಲ್ಲಿ ಮುದುಕರು ಅದನ್ನು 'ಚುಟ್ಟ' ಎನ್ನುತ್ತಾರೆ. ತೆಲುಗಿನ 'ಚುಟ್ಟು' ಎಂದರೆ ನಮ್ಮ 'ಸುತ್ತು'. ಎಲೆಯನ್ನು ಸುತ್ತಿದ್ದೇ ಚುಟ್ಟ. ತಮಿಳಿನವರು ಅದನ್ನೇ 'ಸುರುಟ್ಟು' ಎಂದರು. ಇಂಗ್ಲಿಷರು ಆ ಶಬ್ದವನ್ನು ನಾಲಗೆಗೆ ಒಗ್ಗಿಸಿಕೊಂಡು 'ಷೆರೂಟ್' ಮಾಡಿಕೊಂಡರು. ತಿರುಚಿನಾಪಳ್ಳಿಯ ಷೆರೂಟು ಸೀಮೆಗೆ ಹಡಗು ಹತ್ತಿ ಎಷ್ಟು ಪ್ರಸಿದ್ಧವಾಯಿತೆಂದರೆ, 1887ರಲ್ಲಿ ಪ್ರಕಟವಾದ ಷೆರ್ಲಾಕ್ ಹೋಮ್ಸನ ಮೊತ್ತಮೊದಲ ಕಾದಂಬರಿಯಲ್ಲಿ ಕೊಲೆಗಾರನು ಸೇದುತ್ತಿದ್ದುದು ಅದನ್ನೇ ಎಂದು ಆ ಪತ್ತೇದಾರನು ಬೂದಿಯಿಂದಲೇ ಗುರುತಿಸುತ್ತಾನೆ. ಕಾದಂಬರಿಗೂ ಸಿಗಾರಿಗೂ ಇರುವ ಸ್ನೇಹ ಅಲ್ಲಿಗೇ ಮುಗಿಯುವುದಿಲ್ಲ. ಕ್ಯೂಬಾ ದ್ವೀಪದ ಸಿಗಾರು ಕಾರ್ಖಾನೆಗಳಲ್ಲಿ 1865ರಿಂದ ಒಂದು ಪದ್ಧತಿ ಬೆಳೆಯಿತು: ಎಲೆ ಸುತ್ತುವ ಕೆಲಸಗಾರರ ನಡುವೆ ಎತ್ತರದ ಪೀಠದಲ್ಲಿ ಕುಳಿತು ಒಬ್ಬನು ಪತ್ರಿಕೆಯನ್ನೂ ಕಾದಂಬರಿಯನ್ನೂ ಗಟ್ಟಿಯಾಗಿ ಓದುವುದು. ಅಲ್ಲಿಯ ಒಂದು ಪ್ರಸಿದ್ಧ ಸಿಗಾರಿಗೆ ಅಲೆಕ್ಸಾಂಡ್ರೆ ಡ್ಯೂಮಾನ ಕಥಾನಾಯಕನಾದ ಮಾಂಟೆಕ್ರಿಸ್ಟೊವಿನ ಹೆಸರು ಬಂದಿದೆ. ಧಾರಾವಾಹಿಯ ಮುಂದಿನ ಕಂತಿಗಾಗಿ ಕಾಯುವ ವಾಚಕರಿಗೆ ಆ ಕೆಲಸಗಾರರ ಮನಸ್ಸು ಸುಲಭವಾಗಿ ಅರ್ಥವಾದೀತು.

ತಂಬಾಕಿನ ಇತಿಹಾಸದಲ್ಲಿ ಕನ್ನಡನಾಡಿಗೂ ಒಂದು ಪುಟವಿದೆ. 1604ರ ಸುಮಾರಿಗೆ ಅಕ್ಬರನ ರಾಯಭಾರಿ ಅಸದ್ ಬೇಗನು ಬಿಜಾಪುರದ ಆಸ್ಥಾನದಿಂದ ಮರಳುವಾಗ ತಂಬಾಕನ್ನೂ ರತ್ನಖಚಿತವಾದ ಕೊಳವೆಯನ್ನೂ ಒಯ್ದು ಬಾದಶಹನಿಗೆ ಒಪ್ಪಿಸಿದನು. ಅಕ್ಬರನು ಕುತೂಹಲದಿಂದ ಒಂದೆರಡು ಸಲ ಎಳೆದನು. ಆಸ್ಥಾನದ ವೈದ್ಯನು ಪರೀಕ್ಷೆಯಿಲ್ಲದ ಈ ವಸ್ತು ಬೇಡವೆಂದು ತಡೆದನು. ಆತನ ಮಗ ಜಹಾಂಗೀರನು 1617ರಲ್ಲಿ ಹೊಗೆಸೊಪ್ಪನ್ನು ನಿಷೇಧಿಸಿದನು. ನಿಷೇಧ ಬಾಳಲಿಲ್ಲ, ಚಟ ಬಾಳಿತು. ವೈದ್ಯನ ಸಂದೇಹಕ್ಕೆ ಪುರಾವೆ ಸಿಕ್ಕಲು ಮಾತ್ರ ಮುನ್ನೂರೈವತ್ತು ವರ್ಷಗಳು ಹಿಡಿದುವು.

ಇನ್ನು ಪ್ರಕೃತ ವಿಷಯ. ಚುಟ್ಟಾಪ್ರಿಯನು ಊರನ್ನು ಆರಿಸುವಾಗ ನೋಡಬೇಕಾದವು ನಾಲ್ಕು: ಎಲೆ, ಗಾಳಿ, ಕಾನೂನು, ನೆರೆ.

ಮೊದಲನೆಯದು ಎಲೆ. ಕರ್ನಾಟಕವು ತಂಬಾಕಿನ ನಾಡು. ಆದುದರಿಂದ ಇಲ್ಲಿ ಸಿಗಾರಿಗೆ ಕೊರತೆಯಿರಲಾರದೆಂದು ಯಾರಾದರೂ ಊಹಿಸಬಹುದು. ಊಹೆ ಸರಿಯಲ್ಲ. ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಗಳ ಕಡೆ ಬೆಳೆಯುವುದು ವರ್ಜೀನಿಯಾ ಜಾತಿ. ಮುಚ್ಚಿದ ಕೊಠಡಿಗಳಲ್ಲಿ ಬಿಸಿಗಾಳಿ ಹಾಯಿಸಿ ಹೊಂಬಣ್ಣಕ್ಕೆ ತಿರುಗಿಸಿದ ಆ ಎಲೆ ಹೋಗುವುದು ಸಿಗರೇಟಿಗೆ. ನಿಪ್ಪಾಣಿಯ ಸೀಮೆಯದು ಬೀಡಿಯ ತಂಬಾಕು. ಅದರ ಬೆಲೆಗಾಗಿ 1981ರಲ್ಲಿ ಅಲ್ಲಿ ದೊಡ್ಡ ರೈತ ಚಳವಳಿಯೇ ನಡೆಯಿತು. ಸಿಗಾರಿನ ಎಲೆಯ ಸಂಸ್ಕಾರವೇ ಬೇರೆ. ಅದನ್ನು ನೆರಳಿನ ಗಾಳಿಯಲ್ಲಿ ತೂಗುಹಾಕಿ ನಿಧಾನವಾಗಿ ಒಣಗಿಸಿ, ರಾಶಿಯೊಡ್ಡಿ, ತನ್ನ ಕಾವಿನಲ್ಲೇ ಹುದುಗುವಂತೆ ಮಾಡುತ್ತಾರೆ. ನಮಗೆ ಹತ್ತಿರದಲ್ಲಿ ಆ ಬಗೆಯ ಎಲೆಗೆ ಹೆಸರಾದುದು ತಮಿಳುನಾಡಿನ ದಿಂಡಿಗಲ್ಲು. ಆದ್ದರಿಂದ ಎಲೆಯ ವಿಷಯದಲ್ಲಿ ಹಿರಿಯೂರು ಬೆಂಗಳೂರಿನ ಅಂಗಡಿಗಳ ಮುಖ ನೋಡಬೇಕಾದ ಊರು.

ಎರಡನೆಯದು ಗಾಳಿ. ಸಿಗಾರೆಂಬುದು ಒಣಗಿದರೆ ಕೆಡುವ, ನೆನೆದರೂ ಕೆಡುವ ಸುಕುಮಾರ ಪದಾರ್ಥ. ಗಾಳಿಯಲ್ಲಿ ತೇವಾಂಶ ನೂರಕ್ಕೆ ಅರವತ್ತೈದರಿಂದ ಎಪ್ಪತ್ತರಷ್ಟಿರಬೇಕು. ಶಾಖ 20 ಡಿಗ್ರಿಯ ಆಸುಪಾಸಿನಲ್ಲಿರಬೇಕು. ನಮ್ಮೂರಿನ ಮಾರ್ಚ್ ಏಪ್ರಿಲ್ ತಿಂಗಳ ಮಧ್ಯಾಹ್ನದಲ್ಲಿ ಮೇಜಿನ ಮೇಲಿಟ್ಟ ಸಿಗಾರು ಹಪ್ಪಳದಂತಾಗಿ ಹೊರಎಲೆ ಬಿರಿಯುವುದು. ಹಾಗೆಂದು ಮಂಗಳೂರಿಗೆ ಓಡಿದರೆ, ಆಷಾಢದ ಮಳೆಯಲ್ಲಿ ಅದಕ್ಕೆ ಬೂಷ್ಟು ಹಿಡಿಯುವುದು. ತೇವವೂ ಸೆಕೆಯೂ ಕೂಡಿದ ಕಡೆ ತಂಬಾಕಿನ ಹುಳು ಮೊಟ್ಟೆಯೊಡೆದು ಹೊರಬಂದು ಸೂಜಿಯಿಂದ ಚುಚ್ಚಿದಂತೆ ರಂಧ್ರ ಕೊರೆಯುವುದು. ಇದಕ್ಕೆಂದೇ ರಸಿಕರು ಸೀಡರ್ ಮರದ ಪೆಟ್ಟಿಗೆಯಿಟ್ಟು, ಒಳಗೆ ತೇವಮಾಪಕವನ್ನು ಜೋಡಿಸುತ್ತಾರೆ. ಆ ಮಾಪಕ ಸರಿಯೇ ಎಂದು ತಿಳಿಯಲು ಒಂದು ಸುಲಭ ಪರೀಕ್ಷೆಯುಂಟು. ಶಾಲೆಯ ಮಕ್ಕಳೂ ಮಾಡಿ ನೋಡಬಹುದು. ಒಂದು ಮುಚ್ಚಳದಲ್ಲಿ ಅಡಿಗೆಯುಪ್ಪನ್ನಿಟ್ಟು, ಕೆಲವು ಹನಿ ನೀರು ಹಾಕಿ ಮುದ್ದೆಮಾಡಿ, ಮಾಪಕದೊಡನೆ ಗಾಳಿಯಾಡದ ಡಬ್ಬಿಯಲ್ಲಿಟ್ಟರೆ, ಒಂದು ದಿನದ ಮೇಲೆ ಮುಳ್ಳು ಎಪ್ಪತ್ತೈದಕ್ಕೆ ನಿಲ್ಲಬೇಕು. ಉಪ್ಪಿನ ಗುಣವೇ ಅದು. ಒಟ್ಟಿನಲ್ಲಿ ಪೆಟ್ಟಿಗೆಯಿದ್ದವನಿಗೆ ಹಿರಿಯೂರೂ ಒಂದೇ, ಹವಾನವೂ ಒಂದೇ. ಹವೆಯ ತೊಂದರೆಗೆ ಪರಿಹಾರವುಂಟು.

ಮೂರನೆಯದು ಕಾನೂನು. 2003ರ ಕೇಂದ್ರ ಶಾಸನವು ಸಾರ್ವಜನಿಕ ಸ್ಥಳಗಳಲ್ಲಿ ಧೂಮಪಾನವನ್ನು ನಿಷೇಧಿಸಿತು; ವಿದ್ಯಾಸಂಸ್ಥೆಗಳ ಸುತ್ತ ನೂರು ಗಜದೊಳಗೆ ತಂಬಾಕು ಮಾರಬಾರದೆಂದಿತು. 2008ರ ಅಕ್ಟೋಬರ್ 2ರಿಂದ, ಗಾಂಧೀಜಯಂತಿಯಂದು, ನಿಯಮಗಳು ಇನ್ನೂ ಬಿಗಿಯಾದುವು. ಕರ್ನಾಟಕದ ತಿದ್ದುಪಡಿ 2025ರಲ್ಲಿ ಜಾರಿಗೆ ಬಂದು, ತಂಬಾಕು ಕೊಳ್ಳುವ ವಯಸ್ಸನ್ನು ಹದಿನೆಂಟರಿಂದ ಇಪ್ಪತ್ತೊಂದಕ್ಕೇರಿಸಿತು. ಸಾರ್ವಜನಿಕ ಸ್ಥಳದಲ್ಲಿ ಸೇದಿದವನ ದಂಡವನ್ನು ಇನ್ನೂರರಿಂದ ಸಾವಿರ ರೂಪಾಯಿಗೆ ಏರಿಸಿತು. ಗಡಿಯಾಚೆಯ ಕಾಸರಗೋಡಿನ ಕನ್ನಡಿಗರು ಇದಕ್ಕೂ ಮೊದಲೇ ಈ ಶಿಸ್ತನ್ನು ಕಂಡವರು. ಕೇರಳದ ಉಚ್ಚನ್ಯಾಯಾಲಯ 1999ರಲ್ಲೇ ಸಾರ್ವಜನಿಕ ಧೂಮಪಾನವನ್ನು ತಡೆದಿತ್ತು. ಹೀಗಾಗಿ ಕಾನೂನಿನ ಮಟ್ಟಿಗೆ ಊರು ಬದಲಿಸಿ ಪ್ರಯೋಜನವಿಲ್ಲ. ಹೊಟೆಲು, ಬಸ್ಸುನಿಲ್ದಾಣ, ಕಚೇರಿ, ಚಿತ್ರಮಂದಿರ ಎಲ್ಲವೂ ಮುಚ್ಚಿದ ಬಾಗಿಲುಗಳೇ. ಉಳಿದುದು ಸ್ವಂತ ಮನೆ.

ಸ್ವಂತ ಮನೆಯೆಂದೊಡನೆ ನಾಲ್ಕನೆಯದೂ ಕಠಿಣತಮವೂ ಆದ ಪ್ರಶ್ನೆ ಏಳುತ್ತದೆ: ನೆರೆ ಯಾರು? ನನಗೆ ಪರಿಚಿತರಾದ ನಿವೃತ್ತ ಅಧಿಕಾರಿಯೊಬ್ಬರು ಸಿಗಾರಿನ ವ್ಯಾಮೋಹಿಗಳು. ಬೆಂಗಳೂರಿನ ಬಹುಮಹಡಿ ವಸತಿಯೊಂದರಲ್ಲಿದ್ದಾಗ ಅವರ ಬಾಲ್ಕನಿಯ ಹೊಗೆ ಮೇಲಿನ ಮನೆಯ ಕಿಟಕಿಯನ್ನು ಹೊಕ್ಕು, ಮಾತಿಗೆ ಮಾತು ಬೆಳೆಯಿತು. ಬೇಸತ್ತು ಅವರು ಹಿರಿಯೂರಿನ ಅಂಚಿನಲ್ಲಿ, ಸುತ್ತ ತೆಂಗಿನ ಮರಗಳಿರುವ, ಅಗಲವಾದ ಜಗಲಿಯುಳ್ಳ ಬಿಡಿಮನೆಯನ್ನು ನೋಡಿದರು. ಜಿಲ್ಲೆಯ ಗುಡ್ಡಗಳ ಮೇಲೆ ಗಾಳಿಯಂತ್ರಗಳನ್ನು ತಿರುಗಿಸುವಷ್ಟು ಗಾಳಿ ಈ ಸೀಮೆಯಲ್ಲುಂಟು. ಹೊಗೆ ಯಾರ ಮನೆಯನ್ನೂ ಹೊಗದೆ ಹಾರಿಹೋದೀತೆಂಬುದು ಅವರ ಲೆಕ್ಕ. ಎಲೆ, ಗಾಳಿ, ಕಾನೂನು ಮೂರಕ್ಕೂ ಅವರಲ್ಲಿ ಉತ್ತರ ಸಿದ್ಧವಾಗಿತ್ತು. ಮುಂಗಡ ಕೊಡುವ ದಿನ ಅವರ ಪತ್ನಿ ಒಂದೇ ಮಾತು ಕೇಳಿದರು: "ರಜಕ್ಕೆ ಮೊಮ್ಮಗಳು ಬಂದರೆ ಅವಳು ಮಲಗುವುದು ಯಾವ ಕೋಣೆಯಲ್ಲಿ?" ಆ ಮಗುವಿಗೆ ಉಬ್ಬಸ. ಜಗಲಿಯ ಕಿಟಕಿ ತೆರೆದುಕೊಳ್ಳುವುದೂ ಅದೇ ಕೋಣೆಗೆ. ಪರವೂರಿನವರ ಕಿಟಕಿಯಿಂದ ಓಡಿಬಂದವರು ತಮ್ಮದೇ ಕಿಟಕಿಯೆದುರು ಬಂದು ನಿಂತರು!

ಆ ತಾಯಿಯ ಪ್ರಶ್ನೆಯ ಹಿಂದೆ ವಿಜ್ಞಾನವೂ ನಿಂತಿದೆ. ಪರರು ಬಿಟ್ಟ ಹೊಗೆಗೆ ಇಷ್ಟರೊಳಗಾದರೆ ಅಪಾಯವಿಲ್ಲವೆನ್ನುವ ಮಿತಿಯೇ ಇಲ್ಲವೆಂದು ಅಮೆರಿಕದ ಸರ್ಜನ್ ಜನರಲ್‌ರ 2006ರ ವರದಿ ಸಾರಿತು. ಕೋಣೆಯನ್ನು ಬೇರೆ ಮಾಡುವುದರಿಂದಾಗಲಿ, ಕಿಟಕಿ ತೆರೆದಿಡುವುದರಿಂದಾಗಲಿ ಅದು ಪೂರ್ತಿ ನಿವಾರಣೆಯಾಗದು. ಜಗತ್ತಿನಲ್ಲಿ ತಂಬಾಕಿನಿಂದ ವರ್ಷಕ್ಕೆ ಎಪ್ಪತ್ತು ಲಕ್ಷಕ್ಕೂ ಹೆಚ್ಚು ಜನ ಸಾಯುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅವರಲ್ಲಿ ಹತ್ತು ಲಕ್ಷಕ್ಕೂ ಮೀರಿದವರು ಎಂದೂ ಸೇದದವರು. ನಮ್ಮ ರಾಜ್ಯದಲ್ಲಿ 2016-17ರ ಸಮೀಕ್ಷೆಯಂತೆ ವಯಸ್ಕರಲ್ಲಿ ನೂರಕ್ಕೆ ಸುಮಾರು ಇಪ್ಪತ್ತಮೂರು ಮಂದಿ ಯಾವುದಾದರೊಂದು ರೂಪದಲ್ಲಿ ತಂಬಾಕನ್ನು ಬಳಸುವವರು.

"ಸಿಗಾರಿನ ಹೊಗೆಯನ್ನು ನಾವು ಎದೆಗೆ ಎಳೆದುಕೊಳ್ಳುವುದಿಲ್ಲ, ಬಾಯಲ್ಲಾಡಿಸಿ ಬಿಡುತ್ತೇವೆ" ಎಂಬುದು ರಸಿಕರ ಮಾಮೂಲು ಸಮಾಧಾನ. ಇದರಲ್ಲಿ ಅರ್ಧ ಸತ್ಯವುಂಟು. ಸಿಗಾರಿನ ಹೊಗೆ ಕ್ಷಾರಗುಣದ್ದು. ಅದರ ನಿಕೋಟಿನು ಎದೆಗಿಳಿಯದೆ ಬಾಯಿಯ ಒಳಪೊರೆಯಿಂದಲೇ ರಕ್ತವನ್ನು ಸೇರಬಲ್ಲುದು. ಆದರೆ ಬಾಯಿ, ಗಂಟಲು, ಅನ್ನನಾಳಗಳ ಏಡಿಗಂಟಿಗೆ ಆ ದಾರಿಯೇ ಸಾಕು. ಒಂದು ದೊಡ್ಡ ಸಿಗಾರಿನೊಳಗೆ ಒಂದು ಪೊಟ್ಟಣ ಸಿಗರೇಟಿನಷ್ಟು ತಂಬಾಕು ಇರಬಹುದು; ಗಂಟೆಗಟ್ಟಲೆ ಉರಿಯುವ ಅದು ಕೋಣೆಗೆ ಚೆಲ್ಲುವ ಹೊಗೆಯೂ ಅಷ್ಟೇ ಹೆಚ್ಚು. ಆಂಧ್ರದ ಶ್ರೀಕಾಕುಳ, ವಿಶಾಖಪಟ್ಟಣಗಳ ಕಡೆ ಹೆಂಗಸರು ಚುಟ್ಟದ ಉರಿಯುವ ತುದಿಯನ್ನೇ ಬಾಯೊಳಗಿಟ್ಟು ಸೇದುವ ರೂಢಿಯುಂಟು. ಅಂಗುಳಿನ ಏಡಿಗಂಟಿಗೂ ಆ ರೂಢಿಗೂ ಇರುವ ಸಂಬಂಧವನ್ನು ವೈದ್ಯರು ಬಹು ಹಿಂದೆಯೇ ಗುರುತಿಸಿದ್ದಾರೆ.

ಹೀಗೆ ನೋಡಿದರೆ, ಬಿಡಲಾರದ ಚುಟ್ಟಾಪ್ರಿಯನಿಗೆ ಹೇಳಬಹುದಾದ ಪ್ರಾಮಾಣಿಕ ಮಾತು ಇಷ್ಟೇ. ಒತ್ತಿಕೊಂಡ ಮನೆಗಳ ಪಟ್ಟಣಕ್ಕಿಂತ ಬಯಲುಸೀಮೆಯ ಚಿಕ್ಕ ಊರು ಮೇಲು. ಜಗಲಿಗಿಂತ ಮನೆಯಿಂದ ಇಪ್ಪತ್ತು ಮಾರು ದೂರದ ಮರದ ಬುಡ ಮೇಲು. ಮಕ್ಕಳು ಮನೆಯಲ್ಲಿರುವ ದಿನ ಹೊತ್ತಿಸದಿರುವುದು ಎಲ್ಲಕ್ಕಿಂತ ಮೇಲು. ಬಿಡುವ ಮನಸ್ಸಿದ್ದವರಿಗೆ 1800-11-2356 ಎಂಬ ಉಚಿತ ದೂರವಾಣಿಯಲ್ಲಿ ಸರಕಾರದ ಸಲಹೆಗಾರರು ದೊರೆಯುತ್ತಾರೆ. ಅದಕ್ಕಾಗಿ ಊರು ಬಿಡಬೇಕಾದುದೂ ಇಲ್ಲ, ಮನೆ ಮಾರಬೇಕಾದುದೂ ಇಲ್ಲ.

ಬೆಂಕಿಯಿಲ್ಲದೆ ಹೊಗೆಯಾಡದು ಎಂದರು ಹಿರಿಯರು. ಹೊಗೆಗೆ ಗೋಡೆಯೂ ಇಲ್ಲ, ಮೇರೆಯೂ ಇಲ್ಲ ಎಂಬುದನ್ನು ನಾವು ಇಂದು ಅದಕ್ಕೆ ಸೇರಿಸಿಕೊಳ್ಳಬಹುದು. ಹಿರಿಯೂರಿನ ಗಾಳಿ ಉದಾರವಾದುದು. ನಮ್ಮ ಹೊಗೆಯನ್ನು ಅದು ದೂರ ಒಯ್ದೀತು. ಆದರೆ ಗಾಳಿ ಬಿದ್ದ ಸಂಜೆಗಳೂ ಈ ಊರಿನಲ್ಲುಂಟು. ಅಂಥ ಸಂಜೆ ಒಳಕೋಣೆಯಲ್ಲಿ ಮಗುವೊಂದು ಕೆಮ್ಮಿದರೆ ಅದು ಜಗಲಿಗೆ ಕೇಳಿಸುತ್ತದೆ.