ಬಂದರಿನ ಕೂಲಿಯಿಂದ ಬಾಕ್ಸಿಂಗ್ ಪಟ್ಟಕ್ಕೆ

ಅಮೆರಿಕದ ಮುಷ್ಟಿಯುದ್ಧ ಪಟು ಜೇಮ್ಸ್ ಬ್ರಾಡಕ್ 1929ರ ಜುಲೈನಲ್ಲಿ ಲೈಟ್ ಹೆವಿವೇಟ್ ಪ್ರಶಸ್ತಿಯ ಹೋರಾಟದಲ್ಲಿ ಸೋತ. ಅಕ್ಟೋಬರ್‌ನಲ್ಲಿ ನ್ಯೂಯಾರ್ಕಿನ ಷೇರುಪೇಟೆಯೇ ಕುಸಿಯಿತು. ಮುಂದೆ ಸೋಲಿನ ಮೇಲೆ ಸೋಲು. 1933ರಲ್ಲಿ ಬಲಗೈ ಮೂಳೆ ಮುರಿದು ಆಟವೂ ನಿಂತಿತು. ಮನೆಯಲ್ಲಿ ಹೆಂಡತಿ ಮೇ, ಮೂವರು ಪುಟ್ಟ ಮಕ್ಕಳು.

ನ್ಯೂಜೆರ್ಸಿಯ ಬಂದರಿನಲ್ಲಿ ಸಿಕ್ಕಿದ ದಿನ ಕೂಲಿ, ಸಿಗದ ದಿನ ಬರಿಗೈ. ಕೊನೆಗೆ ಸರ್ಕಾರದ ಪರಿಹಾರಧನಕ್ಕೂ ಕೈಯೊಡ್ಡಿದ. ಬಲಗೈ ನೆಟ್ಟಗಿಲ್ಲದ್ದರಿಂದ ಸರಕಿನ ಭಾರವೆಲ್ಲ ಎಡಗೈ ಮೇಲೆ ಬಿತ್ತು. ದುಡಿದ ಸ್ನಾಯು ಗಟ್ಟಿಯಾಗುವುದು ದೇಹಧರ್ಮವಲ್ಲವೆ? ಅದುವರೆಗೆ ಬಲಗೈಯನ್ನೇ ನೆಚ್ಚಿದ್ದವನಿಗೆ, ಯಾವ ಗರಡಿಯೂ ಕಲಿಸದ ಎಡಗೈ ಹೊಡೆತವನ್ನು ಹೊಟ್ಟೆಪಾಡು ಕಲಿಸಿತು!

1934ರ ಜೂನ್‌ನಲ್ಲಿ ತರಾತುರಿಯಲ್ಲಿ ಒಂದು ಅವಕಾಶ ಒದಗಿತು. ಎದುರಾಳಿ ಕಾರ್ನ್ ಗ್ರಿಫಿನ್ ಮೂರನೆಯ ಸುತ್ತಿಗೇ ಮಣಿದ. ಮತ್ತೆರಡು ಗೆಲುವುಗಳ ನಂತರ, 1935ರ ಜೂನ್ 13ರಂದು, ಚಾಂಪಿಯನ್ ಮ್ಯಾಕ್ಸ್ ಬೇರ್ ಎದುರು 15 ಸುತ್ತುಗಳ ಸೆಣಸಾಟ. ಬೇರ್‌ನೇ ಗೆಲ್ಲುವನೆಂದು ಪಣ ಕಟ್ಟಿದವರು ಬೆಪ್ಪಾದರು. ಬ್ರಾಡಕ್ ವಿಶ್ವ ಹೆವಿವೇಟ್ ಚಾಂಪಿಯನ್ನನಾದ.

1937ರಲ್ಲಿ ಜೋ ಲೂಯಿ ಆ ಪಟ್ಟ ಕಸಿದುಕೊಂಡ. ಅಷ್ಟರಲ್ಲಿ ಬ್ರಾಡಕ್ ಇನ್ನೊಂದು ಲೆಕ್ಕ ಚುಕ್ತಾ ಮಾಡಿದ್ದ: ಕಷ್ಟಕಾಲದಲ್ಲಿ ಪಡೆದ ಪರಿಹಾರಧನವನ್ನು ಸರ್ಕಾರಕ್ಕೆ ಹಿಂದಿರುಗಿಸಿದ್ದ.