ವಿಷಾದದ ಮೂರ್ತಿ

ನಗುಮುಖದ ಚಿತ್ರವನ್ನೇ ಮನೆಯಲ್ಲಿ ತೂಗುಹಾಕಬೇಕೆಂಬುದು ಲೋಕರೂಢಿ. ಆದರೆ ವಿಷಾದವನ್ನೇ ಒಬ್ಬ ಸ್ತ್ರೀಯನ್ನಾಗಿ ಕಲ್ಪಿಸಿ, ಆಕೆಗೆ ಗೌರವದ ಸ್ಥಾನವನ್ನಿತ್ತ ಚಿತ್ರಕಾರನೊಬ್ಬನು ಇಟಲಿ ದೇಶದಲ್ಲಿದ್ದನು.

ಅವನ ಹೆಸರು ಜೊವಾನ್ನಿ ಬೆನೆದೆತ್ತೊ ಕಾಸ್ತಿಲ್ಯೋನೆ. ಜಿನೋವಾ ಪಟ್ಟಣದಲ್ಲಿ ೧೬೦೯ರಲ್ಲಿ ಹುಟ್ಟಿ, ೧೬೬೪ರಲ್ಲಿ ಮಾಂಟುವಾದಲ್ಲಿ ತೀರಿಕೊಂಡನು. ಸುಮಾರು ೧೬೪೦ರ ದಶಕದಲ್ಲಿ ಅವನು ರಚಿಸಿದ ಈ ಚಿತ್ರವು ತಾಮ್ರದ ತಗಡಿನಿಂದ ಅಚ್ಚಾದುದು. ತಗಡಿಗೆ ಮೇಣದ ಲೇಪವಿತ್ತು, ಸೂಜಿಯಿಂದ ಗೀಚಿ, ಆಮ್ಲದಲ್ಲಿ ಅದ್ದಿದರೆ, ಗೀಚಿದೆಡೆಯಲ್ಲಿ ಮಾತ್ರ ಲೋಹವು ಸವೆದು ಗೆರೆಯಾಗುವುದು. ಆ ಗೆರೆಗಳಲ್ಲಿ ಮಸಿಯನ್ನು ತುಂಬಿ ಕಾಗದವನ್ನೊತ್ತಿದರೆ ಚಿತ್ರವು ಮೂಡುವುದು.

ಹಾಳುಬಿದ್ದ ಕಟ್ಟಡದ ನಡುವೆ ಆಕೆಯು ಕೈಗೆ ತಲೆಯನ್ನಾನಿಸಿ ಕುಳಿತಿರುವಳು. ದೃಷ್ಟಿಯೆಲ್ಲವೂ ಒಂದು ತಲೆಬುರುಡೆಯ ಮೇಲೆ. ಸುತ್ತಲೂ ವಾದ್ಯಗಳು, ಚಿತ್ರಕಾರನ ವರ್ಣಫಲಕ. ಬಳಿಯಲ್ಲಿ ಒಂದು ನಾಯಿ. ನುಡಿಸುವವರಿಲ್ಲ, ಬರೆಯುವವರಿಲ್ಲ. ೧೫೧೪ರಲ್ಲಿ ಜರ್ಮನಿಯ ಡ್ಯೂರರನು ಕೆತ್ತಿದ ರೆಕ್ಕೆಯುಳ್ಳ ವಿಷಾದಮೂರ್ತಿಯ ಸುತ್ತಲೂ ಹೀಗೆಯೇ ಉಪಕರಣಗಳು ಬಿದ್ದಿರುವುದುಂಟು.

ಶರೀರದಲ್ಲಿ ಕರಿಯ ಪಿತ್ತವು ಹೆಚ್ಚಿದರೆ ವಿಷಾದವುಂಟಾಗುವುದೆಂದೂ, ಅದಕ್ಕೆ ಅಧಿಪತಿಯು ಶನಿಗ್ರಹವೆಂದೂ ಆ ಕಾಲದ ಯೂರೋಪಿಯನರು ನಂಬಿದ್ದರು. ಇಂದಿನ ವೈದ್ಯವು ಇದನ್ನು ಒಪ್ಪುವುದಿಲ್ಲ. ಆದರೆ ಶನಿಯ ಹೆಸರನ್ನು ಕೇಳಿ ಬೆದರುವ ನಮಗೆ ಒಂದು ಸಂಗತಿಯು ಆಶ್ಚರ್ಯವನ್ನುಂಟುಮಾಡೀತು: ಫ್ಲಾರೆನ್ಸಿನ ಪಂಡಿತ ಫಿಚಿನೋ ೧೪೮೯ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಪೀಡಿಸುವ ಆ ಶನಿಯೇ ಗಾಢವಾದ ಚಿಂತನೆಯನ್ನೂ ಕರುಣಿಸುವನೆಂದನು. ಕಾಸ್ತಿಲ್ಯೋನೆಯೂ ತನ್ನ ಚಿತ್ರದಲ್ಲಿ, ಹರ್ಷವಿಲ್ಲದೆಡೆಯಲ್ಲಿ ಸದ್ಗುಣವುಂಟೆಂಬರ್ಥದ ಲ್ಯಾಟಿನ್ ವಾಕ್ಯವನ್ನು ಕೆತ್ತಿದನು.

ನಮಗೆ ಇದು ಹೊಸ ಮಾತೇನೂ ಅಲ್ಲ. ಭಗವದ್ಗೀತೆಯ ಮೊದಲನೆಯ ಅಧ್ಯಾಯದ ಹೆಸರು ಅರ್ಜುನವಿಷಾದಯೋಗ. ಗಾಂಡೀವವು ಕೈಯಿಂದ ಜಾರಿದ ಗಳಿಗೆಯನ್ನೂ ಹಿರಿಯರು ಯೋಗವೆಂದೇ ಎಣಿಸಿದರು. ಅಲ್ಲಿಂದಲೇ ಉಪದೇಶಕ್ಕೆ ಆರಂಭ.

ಹೀಗಿದ್ದರೂ ಮನೆಯಲ್ಲಿ ಸೊಸೆಯೋ ಮಗನೋ ಅರೆಗಳಿಗೆ ಮೌನವಾಗಿ ಕುಳಿತರೆ, “ಏಕೆ ಹೀಗೆ ಮಂಕು ಕವಿದವರಂತೆ ಕುಳಿತೆ?” ಎಂದು ಗದರಿಸುವವರೇ ಹೆಚ್ಚು. ಕೈಯ ಕೆಲಸವು ನಿಂತಿತೆಂದ ಮಾತ್ರಕ್ಕೆ ಅದು ಸೋಮಾರಿತನವಲ್ಲ. ಸತ್ತವರ ನೆನಪೋ, ಮುಂದಿನ ದಾರಿಯ ಚಿಂತೆಯೋ ಇದ್ದೀತು. ಅಂಥವರಿಗೆ ಸ್ವಲ್ಪ ಹೊತ್ತಿನ ಏಕಾಂತವನ್ನು ಕೊಡುವುದು ಮನೆಯವರ ಧರ್ಮ.

ಹಾಗೆಂದು ವಿಷಾದವನ್ನು ಕೊಂಡಾಡಿ ಕೈಬಿಡುವುದೂ ಸಲ್ಲದು. ದಿನಗಳು ಉರುಳಿದರೂ ಅದು ತಿಳಿಯಾಗದಿದ್ದರೆ ವೈದ್ಯರ ನೆರವನ್ನು ಪಡೆಯಲು ನಾಚಬೇಕಾಗಿಲ್ಲ. ಅರ್ಜುನನ ಪಕ್ಕದಲ್ಲಿ ಸಾರಥಿಯಿದ್ದನು. ಚಿತ್ರದ ಆ ತಾಯಿಯ ಮಾತನ್ನು ಕೇಳಲು ಮನುಷ್ಯರಾರೂ ಇಲ್ಲ. ನಮ್ಮ ಮನೆಗಳಲ್ಲಿ ಹಾಗೆ ಕುಳಿತವರ ಬಳಿಗೆ ಹೋಗಿ ಕುಳಿತುಕೊಳ್ಳಲು ನಾವಿದ್ದೇವಲ್ಲವೆ?