ಹಂಗರಹಳ್ಳಿಯ ಸರಪಳಿ

2000ದ ಜೂನ್ ತಿಂಗಳು. ಮಂಡ್ಯ ಜಿಲ್ಲೆಯ ಶ್ರೀರಂಗಪಟ್ಟಣ ತಾಲ್ಲೂಕಿನ ಹಂಗರಹಳ್ಳಿಯ ಕಲ್ಲುಕ್ವಾರಿಯಲ್ಲಿ ಕೂಲಿಗಳ ಕಾಲಿಗೆ ಕಬ್ಬಿಣದ ಸರಪಳಿ ಬಿಗಿದು ದುಡಿಸುತ್ತಿದ್ದುದು ಬಯಲಾಯಿತು. ಅವರನ್ನು ಬಿಡಿಸಲು ನುಗ್ಗಿದವರು ರೈತ ಸಂಘದ ಕಾರ್ಯಕರ್ತರು. ಆಗಿನ ಮುಖ್ಯಮಂತ್ರಿ ಇದೇ ಜಿಲ್ಲೆಯ ಮದ್ದೂರಿನ ಎಸ್.ಎಂ. ಕೃಷ್ಣ. ಜೀತ ನಿಷೇಧವಾಗಿ ಆಗಲೇ ಸುಮಾರು ಕಾಲು ಶತಮಾನ ಕಳೆದಿತ್ತು. ಮಂಡ್ಯ ತಲೆ ತಗ್ಗಿಸಿದ ದಿನಗಳವು.

ಸರಪಳಿ ಕಣ್ಣಿಗೆ ಬಿತ್ತು, ಸುದ್ದಿಯಾಯಿತು. ಕಣ್ಣಿಗೆ ಬೀಳದ ಸರಪಳಿಯ ಹೆಸರು ಮುಂಗಡ. ಮಗಳ ಮದುವೆಗೋ ಆಸ್ಪತ್ರೆ ಖರ್ಚಿಗೋ ಮೇಸ್ತ್ರಿ ದುಡ್ಡು ಕೊಡುತ್ತಾನೆ. ಬಸ್ ಚಾರ್ಜು, ರೇಷನ್ನು, ಜ್ವರದ ಮಾತ್ರೆ ಎಲ್ಲವೂ ಅವನ ಪುಸ್ತಕಕ್ಕೆ ಏರುತ್ತವೆ. ವರ್ಷವಿಡೀ ದುಡಿದರೂ ಸಾಲ ಇಳಿಯುವುದಿಲ್ಲ. ಲೆಕ್ಕ ಬರೆಯುವವನು ಅವನೇ ತಾನೇ!

1976ರ ಜೀತ ಪದ್ಧತಿ ರದ್ದತಿ ಕಾಯ್ದೆ ಇದನ್ನು ಬಲ್ಲದು. ಜೀತದ ಸಾಲ ತೀರಿಸಬೇಕಿಲ್ಲ. ಅದು ಜೀತದ ಸಾಲವಲ್ಲವೆಂದು ಸಾಬೀತು ಮಾಡುವ ಹೊಣೆ ಸಾಲ ಕೊಟ್ಟವನದು. ಜಿಲ್ಲಾ ಜಾಗೃತಿ ಸಮಿತಿಯಲ್ಲಿ ಇಬ್ಬರು ಸಮಾಜ ಸೇವಕರು, ಪರಿಶಿಷ್ಟ ಜಾತಿ, ಪಂಗಡದ ಮೂವರು ಇರಬೇಕೆಂದು ಆಗಲೇ ಬರೆದಿಟ್ಟಿದ್ದರು. ಸಂಘ ಸಂಸ್ಥೆಗಳಿಗೆ ಕಾನೂನೇ ಕುರ್ಚಿ ಹಾಕಿಕೊಟ್ಟಿತ್ತು. ಹರಿಯಾಣದ ಕಲ್ಲುಗಣಿಗಳ ಜೀತವನ್ನು ಸುಪ್ರೀಂ ಕೋರ್ಟ್ ಮುಂದಿಟ್ಟದ್ದೂ ಬಂಧುವಾ ಮುಕ್ತಿ ಮೋರ್ಚಾ ಎಂಬ ಸಂಘಟನೆಯೇ. ನಮ್ಮಲ್ಲಿ ಜೀವಿಕ ಸಂಘಟನೆ ಹಳ್ಳಿ ಹಳ್ಳಿ ತಿರುಗಿ ಜೀತದಾಳುಗಳನ್ನು ಗುರುತಿಸಿತು. ಪಕ್ಕದ ಮೈಸೂರಿನಲ್ಲಿ ಸ್ಟ್ಯಾನ್ಲಿ ಮತ್ತು ಪರಶು ಪತ್ರಕರ್ತರ ಕೆಲಸದಿಂದ ಹೊರಳಿ, ಮಾರಾಟವಾದ ಹೆಣ್ಣುಮಕ್ಕಳಿಗಾಗಿ ಒಡನಾಡಿ ಸಂಸ್ಥೆ ಕಟ್ಟಿದರು.

2013ರ ತಿದ್ದುಪಡಿಯಿಂದ ಆಗ ಜಾರಿಯಲ್ಲಿದ್ದ ಭಾರತೀಯ ದಂಡ ಸಂಹಿತೆಯ 370ನೇ ಕಲಮು ಬದಲಾಯಿತು. ಶೋಷಣೆಗಾಗಿ ಮೋಸದಿಂದ, ಬಲವಂತದಿಂದ ಜನರನ್ನು ಕರೆತರುವುದು, ಇರಿಸಿಕೊಳ್ಳುವುದು ಮಾನವ ಕಳ್ಳಸಾಗಣೆ ಎನಿಸಿತು. ಆದರೂ ಜೀತದಿಂದ ಬಿಡಿಸಿದವರ ಬಿಡುಗಡೆ ಪತ್ರಕ್ಕೆ ಸಹಿ ಹಾಕಬೇಕಾದವರು ಅಧಿಕಾರಿಗಳೇ. ಆ ಒಂದು ಹಾಳೆ ಇಲ್ಲದಿದ್ದರೆ ಪರಿಹಾರವಿಲ್ಲ, ಪುನರ್ವಸತಿಯಿಲ್ಲ. ಬಿಡಿಸಿದ ಮೇಲೂ ಸಂಸ್ಥೆಯವರು ಕಚೇರಿಗೆ ಅಲೆಯುವುದು ಅದಕ್ಕಾಗಿ. ನನ್ನ ಮಟ್ಟಿಗೆ ದಾಳಿಗಿಂತ ದೊಡ್ಡ ಕೆಲಸ ಇದು. ಹಾಳೆ ಕೈಸೇರದವನು ಮತ್ತೆ ಅದೇ ಮೇಸ್ತ್ರಿಯ ಮುಂದೆ ನಿಲ್ಲುತ್ತಾನೆ.

ಮದ್ದೂರು, ಮಳವಳ್ಳಿ ಸೀಮೆಯ ಕಬ್ಬಿನ ಗದ್ದೆಗೆ, ಆಲೆಮನೆಗೆ ದೂರದೂರಿಂದ ಸಂಸಾರ ಸಮೇತ ಕೂಲಿಗಳು ಬರುತ್ತಾರೆ. ಅವರೆಲ್ಲ ಜೀತದಾಳುಗಳೆಂದು ನಾನು ಹೇಳುತ್ತಿಲ್ಲ. ಆದರೆ ಬೆಲ್ಲ ಕೊಳ್ಳಲು ಹೋದಾಗ ಅವರನ್ನು ಒಂದು ಮಾತು ಕೇಳಿ: ‘ಊರಿಗೆ ಹೋಗ್ಬೇಕು ಅಂದ್ರೆ ಬಿಡ್ತಾರಾ?’ ಉತ್ತರ ಬಾರದೆ ಅವರು ತಲೆ ತಗ್ಗಿಸಿದರೆ 112ಕ್ಕೆ ಫೋನ್ ಮಾಡಿ. ದುಡಿಯುತ್ತಿರುವುದು ಮಗುವಾದರೆ 1098.